ಕಂಟೇನರಿನ ಬಾಳುವೆ

— ಅಂತಿಮ ಬಿ.ಎ. ವಿದ್ಯಾರ್ಥಿನಿ

ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರಿನ ಒಂದು ಸೂಕ್ಷ್ಮವನ್ನು ಕುರಿತು ಲೇಖನ ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ‘ನಿನಗೇಕೆ ಈ ಊರ ಉಸಾಬರಿ?’ ಎಂದು ನನ್ನ ಸಹಪಾಠಿಗಳು ಈಗಾಗಲೇ ಕೇಳಿಯೂ ಆಗಿದೆ. ಅದಕ್ಕೆ ನನ್ನ ಉತ್ತರ ಇಷ್ಟೇ: ಈ ಸೂಕ್ಷ್ಮವನ್ನು ತಿಳಿಯದೆ ಹೋದುದರಿಂದ ನಾನು ಕಳೆದ ವರ್ಷ ನಮ್ಮಜ್ಜಿಯ 41 ಪದಗಳನ್ನು ಕಳೆದುಕೊಂಡೆ. ಪದವೆಂದರೆ ಇಲ್ಲಿ ಶಬ್ದವಲ್ಲ, ಹಾಡು. ರಾಗಿ ಬೀಸುವಾಗ, ನಾಟಿ ಹಾಕುವಾಗ, ಹಸೆಗೆ ಕರೆಯುವಾಗ ಆಕೆ ಹೇಳುತ್ತಿದ್ದ ಹಾಡುಗಳು. ನನ್ನಂತೆಯೇ ಇನ್ನೊಬ್ಬರು ಕಳೆದುಕೊಳ್ಳದಿರಲಿ ಎಂಬುದೇ ಈ ಬರಹದ ಉದ್ದೇಶ.

ಮೊದಲು ವಿಷಯವನ್ನು ಹೇಳಿ, ಆಮೇಲೆ ನನ್ನ ಕಥೆಯನ್ನು ಹೇಳುತ್ತೇನೆ. ವಿಷಯ ತಿಳಿಯದಿದ್ದರೆ ಕಥೆಯಲ್ಲಿ ತಪ್ಪು ಎಲ್ಲಿದೆಯೆಂಬುದೇ ಕಾಣದು.

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬೇರೆ, ಪ್ರೋಸೆಸ್ಸು ಬೇರೆ. ಅಡುಗೆಯ ಪುಸ್ತಕದಲ್ಲಿ ಬರೆದಿಟ್ಟ ವಿಧಾನ ಪ್ರೋಗ್ರಾಂ ಇದ್ದಂತೆ. ಆ ವಿಧಾನದಂತೆ ಒಲೆಯ ಮೇಲೆ ಈಗ ಬೇಯುತ್ತಿರುವ ಅಡುಗೆ ಪ್ರೋಸೆಸ್ಸು. ನಾವು ಒಂದು ಆಜ್ಞೆಯನ್ನು ಬರೆದು ಎಂಟರ್ ಒತ್ತಿದೊಡನೆ ಒಂದು ಪ್ರೋಸೆಸ್ಸು ಹುಟ್ಟುತ್ತದೆ. ಅದಕ್ಕೊಂದು ಸಂಖ್ಯೆ ದೊರೆಯುತ್ತದೆ. ಕೆಲಸ ಮುಗಿದಾಗ ಅದು ಅಳಿಯುತ್ತದೆ. ಈ ಹುಟ್ಟು ಸಾವುಗಳ ಲೆಕ್ಕವನ್ನಿಡುವ ಯಜಮಾನನಿಗೆ ಕರ್ನಲ್ ಎಂದು ಹೆಸರು.

ಸಾಧಾರಣವಾಗಿ ಒಂದು ಕಂಪ್ಯೂಟರಿನಲ್ಲಿರುವ ಪ್ರೋಸೆಸ್ಸುಗಳೆಲ್ಲವೂ ಒಂದೇ ವಠಾರದಲ್ಲಿರುವ ಸಂಸಾರಗಳಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ, ಒಬ್ಬರ ಸಾಮಾನು ಇನ್ನೊಬ್ಬರ ಕಾಲಿಗೆ ತಗಲುತ್ತದೆ. ಒಂದು ಪ್ರೋಸೆಸ್ಸಿನ ಸುತ್ತ ಬೇಲಿ ಹಾಕಿ, ತನ್ನದೇ ಒಂದು ಜಗತ್ತಿದೆಯೆಂದು ಅದು ನಂಬುವಂತೆ ಮಾಡಿದರೆ ಈ ತೊಂದರೆ ತಪ್ಪುತ್ತದೆ. ಈ ಯೋಚನೆ ಇಂದಿನದಲ್ಲ. 1979ರಲ್ಲಿ ಬಂದ ಯುನಿಕ್ಸಿನ ಏಳನೆಯ ಆವೃತ್ತಿಯಲ್ಲೇ, ಒಂದು ಪ್ರೋಸೆಸ್ಸಿಗೆ ಕಾಣುವ ಕಡತಗಳ ಮೇರೆಯನ್ನು ಕಿರಿದುಮಾಡುವ ‘ಸಿ ಎಚ್ ರೂಟ್’ ಎಂಬ ಉಪಾಯವಿದ್ದಿತು. 2000ದಲ್ಲಿ ಫ್ರೀ ಬಿ.ಎಸ್.ಡಿ. ವ್ಯವಸ್ಥೆಗೆ ‘ಜೈಲ್’ ಎಂಬುದು ಬಂದಿತು. ಹೆಸರೇ ಅದರ ಗುಣವನ್ನು ಹೇಳುತ್ತದೆ. 2008ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 2.6.24ರಲ್ಲಿ ಎರಡು ಮುಖ್ಯ ಸಾಧನಗಳು ಸೇರಿದುವು. ಒಂದು, ಪ್ರೋಸೆಸ್ಸುಗಳಿಗೆ ಬೇಲಿಯೊಳಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ‘ನೇಮ್‌ಸ್ಪೇಸ್’. ಇನ್ನೊಂದು, ಯಾರಿಗೆ ಎಷ್ಟು ಮೆಮೊರಿ, ಎಷ್ಟು ಹೊತ್ತಿನ ದುಡಿಮೆ ಎಂದು ಪಡಿ ಅಳೆಯುವ ‘ಸಿ ಗ್ರೂಪ್’. ಇವೆಲ್ಲವನ್ನೂ ಜೋಡಿಸಿ, ಸಾಮಾನ್ಯರೂ ನಾಲ್ಕು ಶಬ್ದಗಳ ಆಜ್ಞೆಯಿಂದ ನಡೆಸಬಹುದಾದಂಥ ‘ಡಾಕರ್’ ಎಂಬ ಉಪಕರಣವನ್ನು ಸಾಲೊಮನ್ ಹೈಕ್ಸ್ ಎಂಬವರು 2013ರ ಮಾರ್ಚಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಮೊದಲು ತೋರಿಸಿದರು. ಹೀಗೆ ಬೇಲಿ ಹಾಕಿದ ಪ್ರೋಸೆಸ್ಸಿಗೇ ಕಂಟೇನರು ಎಂದು ಹೆಸರು. ಹಡಗುಗಳ ಮೇಲೆ, ಲಾರಿಗಳ ಮೇಲೆ ಸಾಗುವ ಕಬ್ಬಿಣದ ಪೆಟ್ಟಿಗೆಗಳಿಂದ ಬಂದ ಹೆಸರು ಅದು.

ಆ ಹೆಸರೇ ನನ್ನನ್ನು ಮೋಸಗೊಳಿಸಿತು. ಪೆಟ್ಟಿಗೆಯೆಂದರೆ ಒಳಗೆ ಏನಿಲ್ಲದಿದ್ದರೂ ನಿಂತಿರುತ್ತದೆ. ಕಂಟೇನರು ಹಾಗಲ್ಲ. ಅದು ನಡೆಯುವುದು ಒಳಗಿನ ಮೊದಲ ಪ್ರೋಸೆಸ್ಸು ಬದುಕಿರುವಷ್ಟು ಹೊತ್ತು ಮಾತ್ರ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಂಡು ಉಳಿದ ಲೇಖನವನ್ನು ಮರೆತರೂ ನನಗೆ ಬೇಸರವಿಲ್ಲ.

ನಾನು ಮೊಟ್ಟಮೊದಲು ‘ಡಾಕರ್ ರನ್ ಉಬುಂಟು’ ಎಂಬ ಆಜ್ಞೆ ಕೊಟ್ಟಾಗ ನಡೆದುದನ್ನು ಹೇಳುತ್ತೇನೆ. ಉಬುಂಟು ಎಂಬುದು ಲಿನಕ್ಸಿನ ಒಂದು ಬಗೆ. ಅದರ ಅಚ್ಚು, ಎಂದರೆ ಇಮೇಜು, ಅಂತರಜಾಲದಿಂದ ಇಳಿದು ಬಂದಿತು. ಅನಂತರ ಏನೂ ಆಗಲಿಲ್ಲ! ನಡೆಯುತ್ತಿರುವ ಕಂಟೇನರುಗಳ ಪಟ್ಟಿ ಕೊಡೆಂದು ‘ಡಾಕರ್ ಪಿಎಸ್’ ಎಂದು ಕೇಳಿದೆ, ಪಟ್ಟಿ ಬರಿದಾಗಿದ್ದಿತು. ನಿಂತುಹೋದವುಗಳನ್ನೂ ತೋರಿಸೆಂದು ‘ಹೈಫನ್ ಎ’ ಸೇರಿಸಿ ಕೇಳಿದಾಗ ‘ಎಕ್ಸಿಟೆಡ್’, ಮುಂದೆ ಕಂಸದಲ್ಲಿ ಸೊನ್ನೆ. ಸೊನ್ನೆಯೆಂದರೆ ಯಾವ ದೋಷವೂ ಇಲ್ಲದೆ, ಕೆಲಸ ಮುಗಿಸಿ ಹೊರಟಿತು ಎಂದರ್ಥ. ಯಾವ ಕೆಲಸ? ಆ ಇಮೇಜಿನಲ್ಲಿ ಮೊದಲ ಆಜ್ಞೆಯೆಂದು ಬರೆದಿರುವುದು ‘ಬ್ಯಾಷ್’. ಅದು ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಗುಮಾಸ್ತ. ನಾನು ಅವನ ಮುಂದೆ ಕುಳಿತು ಏನನ್ನೂ ಹೇಳುವ ಏರ್ಪಾಡು ಮಾಡಿರಲಿಲ್ಲ. ಕಚೇರಿಗೆ ಬಂದ ಗುಮಾಸ್ತ, ಹೇಳುವವರು ಯಾರೂ ಇಲ್ಲವೆಂದು ಕಂಡು ಮನೆಗೆ ಹೋದ. ಅವನು ಹೋದೊಡನೆ ಕಚೇರಿಯ ಬಾಗಿಲೂ ಮುಚ್ಚಿತು.

ನಮ್ಮ ಕಡೆಯವರಿಗೆ ಇದನ್ನು ಆಲೆಮನೆಯ ಉಪಮಾನದಿಂದ ಹೇಳುವುದು ಮೇಲು. ನಮ್ಮ ತಂದೆ ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ನೋಡುವವರು. ಕಬ್ಬಿನ ಹಾಲು ಕುದಿಯುತ್ತಿರುವವರೆಗೆ ಆಲೆಮನೆ ಆಲೆಮನೆಯಾಗಿರುತ್ತದೆ: ಗಾಣಕ್ಕೆ ಕಬ್ಬು ಕೊಡುವವನು, ಒಲೆಗೆ ಒಣಗಿದ ಸಿಪ್ಪೆ ನೂಕುವವನು, ಅಚ್ಚಿಗೆ ಸುರಿಯುವವನು, ಹಾಲು ಕುಡಿಯಲು ಬಂದ ಹುಡುಗರು, ಎಲ್ಲರೂ ಇರುತ್ತಾರೆ. ಪಾಕ ನೋಡುವವನು ಒಲೆ ಆರಿಸಿ ಎದ್ದನೆಂದರೆ ಎಲ್ಲರೂ ಎದ್ದರು. ಕಂಟೇನರಿನಲ್ಲಿ ಪಾಕ ನೋಡುವವನೇ ಒಂದನೆಯ ಸಂಖ್ಯೆಯ ಪ್ರೋಸೆಸ್ಸು. ಹೊರಗಿನ ಕಂಪ್ಯೂಟರಿನ ಲೆಕ್ಕದಲ್ಲಿ ಅದಕ್ಕೆ 4127 ಎಂದೋ ಮತ್ತೊಂದೋ ಸಂಖ್ಯೆ ಇರಬಹುದು. ಆದರೆ ಬೇಲಿಯೊಳಗಿನ ಲೆಕ್ಕದಲ್ಲಿ ಅದು ಯಾವಾಗಲೂ 1. ಅದು ಅಳಿದರೆ ಬೇಲಿಯೊಳಗಿನ ಉಳಿದೆಲ್ಲ ಪ್ರೋಸೆಸ್ಸುಗಳನ್ನೂ ಕರ್ನಲ್ ಆ ಕ್ಷಣವೇ ಮುಗಿಸಿಬಿಡುತ್ತದೆ. ಇದು ಡಾಕರ್ ಮಾಡಿದ ಕಟ್ಟಳೆಯಲ್ಲ, ಲಿನಕ್ಸಿನದೇ ಕಟ್ಟಳೆ.

ಇನ್ನು ಕಂಟೇನರಿನಲ್ಲಿ ಆಜ್ಞೆಯನ್ನು ನಡೆಸುವ ಬಗೆಗಳು. ಬ್ಯಾಷ್ ಎದುರಿಗೆ ಕುಳಿತು ಮಾತನಾಡಬೇಕಾದರೆ ‘ರನ್’ ಶಬ್ದದ ಮುಂದೆ ‘ಹೈಫನ್ ಐ ಟಿ’ ಎಂದು ಸೇರಿಸಬೇಕು. ‘ಐ’ ಎಂದರೆ ನಾನು ಹೇಳುವುದನ್ನು ಕೇಳಿಸಿಕೊಳ್ಳುತ್ತಿರು. ‘ಟಿ’ ಎಂದರೆ ನನಗೊಂದು ಪರದೆ ಕೊಡು. ಆಗ ಗುಮಾಸ್ತ ಕುಳಿತೇ ಇರುತ್ತಾನೆ. ಆದರೆ ನಾವು ‘ಎಕ್ಸಿಟ್’ ಎಂದರೆ ಅವನು ಏಳುತ್ತಾನೆ, ಕಂಟೇನರೂ ನಿಲ್ಲುತ್ತದೆ. ಅವನನ್ನು ಏಳಿಸದೆ ನಾವು ಮಾತ್ರ ಹೊರಗೆ ಬರಬೇಕಾದರೆ ಕಂಟ್ರೋಲ್ ಒತ್ತಿ ಹಿಡಿದು ಮೊದಲು ಪಿ, ಅನಂತರ ಕ್ಯೂ ಒತ್ತಬೇಕು. ಎರಡನೆಯ ಬಗೆ ‘ಹೈಫನ್ ಡಿ’: ನನ್ನನ್ನು ಕಾಯಿಸಬೇಡ, ಹಿಂದೆ ನಡೆಸುತ್ತಿರು ಎಂಬ ಅರ್ಥ. ಇದನ್ನು ಸೇರಿಸಿದರೆ ಕಂಟೇನರು ಚಿರಾಯುವಾಗುವುದೆಂದು ಹಲವರು ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಅದು ನಮ್ಮನ್ನು ಕಾಯುವ ಕೆಲಸದಿಂದ ಬಿಡಿಸುತ್ತದೆಯೇ ಹೊರತು, ಮೊದಲ ಪ್ರೋಸೆಸ್ಸಿನ ಆಯುಸ್ಸನ್ನು ಒಂದು ಗಳಿಗೆಯೂ ಹೆಚ್ಚಿಸುವುದಿಲ್ಲ.

ಮೂರನೆಯದು ‘ಡಾಕರ್ ಎಕ್ಸೆಕ್’. ಇದು 2014ರ ಅಕ್ಟೋಬರಿನಲ್ಲಿ ಬಂದ ಡಾಕರ್ 1.3ರಲ್ಲಿ ಸೇರಿತು. ಈಗಾಗಲೇ ನಡೆಯುತ್ತಿರುವ ಕಂಟೇನರಿನೊಳಗೆ ಇನ್ನೊಂದು ಆಜ್ಞೆಯನ್ನು ನಡೆಸಲು ಇದು ಪಕ್ಕದ ಬಾಗಿಲು. ಇಲ್ಲಿ ಮೂರು ನಿಯಮಗಳನ್ನು ಗಮನಿಸಬೇಕು. ಒಂದನೆಯದಾಗಿ, ಕಂಟೇನರು ನಿಂತಿದ್ದರೆ ಈ ಬಾಗಿಲು ತೆರೆಯದು. ಎರಡನೆಯದಾಗಿ, ಇದರ ಮೂಲಕ ಹೋದವರು ಹಿಂದಿರುಗಿದರೆ ಕಂಟೇನರಿಗೆ ಬಾಧೆಯಿಲ್ಲ. ಹಾಲು ಕುಡಿಯಲು ಬಂದ ಹುಡುಗ ಹೊರಟುಹೋದರೆ ಕೊಪ್ಪರಿಗೆ ಇಳಿಯುವುದಿಲ್ಲವಷ್ಟೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಕಂಟೇನರು ಒಮ್ಮೆ ನಿಂತು ಮತ್ತೆ ಹೊರಟಾಗ ಮೊದಲ ಆಜ್ಞೆ ಮಾತ್ರ ತಾನಾಗಿ ಮತ್ತೆ ನಡೆಯುತ್ತದೆ, ಪಕ್ಕದ ಬಾಗಿಲಿನಿಂದ ನಾವು ಕೊಟ್ಟಿದ್ದ ಆಜ್ಞೆಗಳನ್ನು ಯಾರೂ ಮತ್ತೆ ಕೊಡುವುದಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ನನ್ನ ಕಥೆ.

ನಮ್ಮಜ್ಜಿಗೆ ಓದು ಬರಹ ಬಾರದು. ನಮ್ಮ ತಂದೆ ನಾಲ್ಕನೆಯ ತರಗತಿಯವರೆಗೆ ಹೋದವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಜ್ಜಿಗೆ ಗೊತ್ತಿದ್ದುದನ್ನು ಅಕ್ಷರದಲ್ಲಿ ಇಡುವ ಕೆಲಸವಾದರೂ ನನ್ನಿಂದ ಆಗಲಿ ಎಂದುಕೊಂಡು, ವಾರವಾರ ಊರಿಗೆ ಹೋದಾಗ ಆಕೆಯ ಪದಗಳನ್ನು ಫೋನಿನಲ್ಲಿ ಹಿಡಿದು ತಂದು, ಕಾಲೇಜಿನ ಕಂಪ್ಯೂಟರಿನಲ್ಲಿ ಬರೆದಿಡತೊಡಗಿದೆ. ಫೋನಿನಲ್ಲಿ ಜಾಗ ಸಾಲದು. ಬರೆದಾದ ಮೇಲೆ ಧ್ವನಿಯನ್ನು ಅಳಿಸಿ ಮುಂದಿನ ಪದಕ್ಕೆ ಎಡೆ ಮಾಡಿಕೊಳ್ಳುತ್ತಿದ್ದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರಿನ ಅಣ್ಣ ಒಬ್ಬರು, ‘ಬಿಡಿ ಬಿಡಿ ಕಡತಗಳಲ್ಲಿ ಇಟ್ಟರೆ ಹುಡುಕುವುದು ಕಷ್ಟ. ಡೇಟಾಬೇಸಿನಲ್ಲಿ ಇಡು. ಕಾಲೇಜಿನ ಯಂತ್ರ ನಾಲ್ಕು ಜನ ಬಳಸುವಂಥಾದ್ದು. ಅದನ್ನು ಕೆದಕದೆ ಕಂಟೇನರಿನಲ್ಲಿ ನಡೆಸು’ ಎಂದು ಸಲಹೆ ಕೊಟ್ಟರು. ಸಲಹೆ ಸರಿಯಾಗಿಯೇ ಇದ್ದಿತು. ಅದನ್ನು ನಡೆಸಿದ ರೀತಿ ಮಾತ್ರ ನನ್ನದು.

ಉಬುಂಟು ಕಂಟೇನರು ಹೊರಟೊಡನೆ ನಿಲ್ಲುತ್ತಿದ್ದುದರಿಂದ, ಅದು ನಿಲ್ಲದಂತೆ ಮಾಡುವ ಉಪಾಯವನ್ನು ಹುಡುಕಿದೆ. ‘ಸ್ಲೀಪ್ ಇನ್‌ಫಿನಿಟಿ’ ಎಂಬ ಆಜ್ಞೆ ಸಿಕ್ಕಿತು. ಎಂದೆಂದಿಗೂ ಮಲಗಿರು ಎಂದು ಅದರ ಅರ್ಥ. ಅದನ್ನೇ ಮೊದಲ ಆಜ್ಞೆಯಾಗಿ ಕೊಟ್ಟೆ. ಎಂದೂ ಮುಗಿಯದ ಕೆಲಸವಾದುದರಿಂದ ಕಂಟೇನರು ನಿಲ್ಲಲಿಲ್ಲ. ನಾನು ಹಿಗ್ಗಿದೆ. ಅನಂತರ ‘ಎಕ್ಸೆಕ್’ ಬಾಗಿಲಿನಿಂದ ಒಳಹೊಕ್ಕು ಮೈ ಎಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು ಕೈಯಾರೆ ಅಲ್ಲಿ ಸ್ಥಾಪಿಸಿ, ಅದನ್ನು ಹಿನ್ನೆಲೆಯಲ್ಲಿ ನಡೆಯುವಂತೆ ಮಾಡಿ ಹೊರಬಂದೆ. ಕರೆಂಟು ಹೋಗಿ ಬಂದರೂ ಕಂಟೇನರು ತಾನೇ ಏಳಲಿ ಎಂದು ‘ರೀಸ್ಟಾರ್ಟ್ ಆಲ್ವೇಸ್’ ಎಂಬ ಕಟ್ಟಳೆಯನ್ನೂ ಮೊದಲೇ ಹಾಕಿದ್ದೆ. ಮೂರು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. 41 ಪದಗಳು ಒಳಗೆ ಸೇರಿದುವು.

ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮರುದಿನ ಬಂದು ನೋಡಿದರೆ ಪದಗಳು ಸಿಕ್ಕುತ್ತಿಲ್ಲ. ಡೇಟಾಬೇಸು ಉತ್ತರ ಕೊಡುತ್ತಿಲ್ಲ. ‘ಡಾಕರ್ ಪಿಎಸ್’ ಕೇಳಿದರೆ ಕಂಟೇನರಿನ ಎದುರಿಗೆ ‘ಅಪ್’ ಎಂದಿದೆ. ನಡೆಯುತ್ತಿದೆಯಂತೆ! ಯಂತ್ರ ಸುಳ್ಳು ಹೇಳುವುದಿಲ್ಲವೆಂದು ನಂಬಿದ್ದ ನಾನು, ಕಂಟೇನರೇ ಒಳಗೆ ಕೆಟ್ಟಿರಬೇಕೆಂದು ತೀರ್ಮಾನಿಸಿದೆ. ಕೆಟ್ಟುದನ್ನು ತೆಗೆದು ಹೊಸದನ್ನು ಮಾಡಿಕೊಳ್ಳುವುದೇ ಕಂಟೇನರಿನ ಅನುಕೂಲವೆಂದು ಎಲ್ಲಿಯೋ ಓದಿದ್ದೆ. ‘ಡಾಕರ್ ಆರ್‌ಎಮ್’ ಎಂದು, ಬಲವಂತದ ‘ಹೈಫನ್ ಎಫ್’ ಸೇರಿಸಿ, ಎಂಟರ್ ಒತ್ತಿದೆ. ಹೊಸ ಕಂಟೇನರು ಮಾಡಿದೆ, ಮೈ ಎಸ್‌ಕ್ಯೂಎಲ್ ಮತ್ತೆ ಸ್ಥಾಪಿಸಿದೆ, ತೆರೆದು ನೋಡಿದೆ. ಒಂದು ಪದವೂ ಇರಲಿಲ್ಲ.

ಆ ಸಂಜೆ ಅಣ್ಣನವರಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ನೀನು ಆರ್‌ಎಮ್ ಕೊಡುವವರೆಗೂ ಪದಗಳು ಅಲ್ಲೇ ಇದ್ದವಮ್ಮ’ ಎಂದರು. ಆ ಮಾತು ಇಂದಿಗೂ ನನ್ನ ಎದೆಯಲ್ಲಿ ನಟ್ಟಿದೆ.

ಊರಿಗೆ ಹೋಗಿ ತಂದೆಯವರಿಗೆ ಹೇಳಿಕೊಂಡೆ. ಕಂಟೇನರೆಂದರೇನೆಂದು ಅವರಿಗೆ ತಿಳಿಯದು. ಆಲೆಮನೆಯ ಹೋಲಿಕೆಯಿಂದಲೇ ವಿವರಿಸಿದೆ. ಒಲೆಯ ಮುಂದೆ ಒಬ್ಬನನ್ನು ಮಲಗಿಸಿ, ಪಾಕ ನೋಡುವವನನ್ನು ಹಿತ್ತಿಲ ಬಾಗಿಲಿನಿಂದ ಕರೆತಂದೆ ಎಂದೆ. ಅವರು ನಕ್ಕು, ‘ಅಲ್ಲ ಕಣವ್ವ, ಒಲೆ ಆರೋದ್ ಮೇಲೂ ಆಲೆಮನೇಲಿ ಒಬ್ಬ ಗೊರಕೆ ಹೊಡೀತಾ ಬಿದ್ದಿದ್ರೆ ದೂರದಿಂದ ನೋಡ್ದೋರು ಏನಂತಾರೆ? ಜನ ಅವ್ರೆ, ಆಲೆ ನಡೀತಾದೆ ಅಂತಾರೆ. ಬೆಲ್ಲ ಆಯ್ತದಾ?’ ಎಂದು ಕೇಳಿದರು.

ಅಣ್ಣನವರು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದುದೂ ಇದನ್ನೇ. ‘ಅಪ್’ ಎಂದರೆ ಮೊದಲ ಪ್ರೋಸೆಸ್ಸು ಬದುಕಿದೆ ಎಂದಷ್ಟೇ ಅರ್ಥ. ನನ್ನ ಕಂಟೇನರಿನಲ್ಲಿ ಮೊದಲನೆಯದು ನಿದ್ರೆ. ಕರೆಂಟು ಬಂದ ಮೇಲೆ ರೀಸ್ಟಾರ್ಟಿನ ಕಟ್ಟಳೆಯಂತೆ ನಿದ್ರೆ ಮತ್ತೆ ಶುರುವಾಯಿತು; ಪಕ್ಕದ ಬಾಗಿಲಿನಿಂದ ಹೊರಡಿಸಿದ್ದ ಮೈ ಎಸ್‌ಕ್ಯೂಎಲ್ ಶುರುವಾಗಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆ ಬೇರೆ, ಅದು ಕೊಟ್ಟ ಉತ್ತರ ಬೇರೆ. ‘ಎಕ್ಸೆಕ್’ ಮೂಲಕ ಒಳಹೊಕ್ಕು ಡೇಟಾಬೇಸನ್ನು ಮತ್ತೊಮ್ಮೆ ಹೊರಡಿಸಿದ್ದರೆ ಸಾಕಾಗಿದ್ದಿತು. ನಿಲ್ಲಿಸುವುದರಿಂದಲೂ ಮತ್ತೆ ಹೊರಡಿಸುವುದರಿಂದಲೂ ಕಂಟೇನರಿನಲ್ಲಿ ಬರೆದುದು ಅಳಿಯುವುದಿಲ್ಲ. ಅದನ್ನು ತೆಗೆದುಹಾಕಿದರೆ ಮಾತ್ರ, ಇಮೇಜಿನ ಮೇಲೆ ಅದು ಬರೆದುಕೊಂಡಿದ್ದ ಪದರವೂ ಅದರೊಡನೆ ಹೋಗುತ್ತದೆ.

ಎಚ್ಚರಿಕೆಯ ಗುರುತೊಂದು ಮೊದಲಿನಿಂದಲೂ ನನ್ನ ಕಣ್ಣೆದುರಿಗೇ ಇದ್ದಿತು. ಆ ಕಂಟೇನರನ್ನು ನಿಲ್ಲಿಸಲು ‘ಡಾಕರ್ ಸ್ಟಾಪ್’ ಎಂದಾಗಲೆಲ್ಲ ಹತ್ತು ಸೆಕೆಂಡು ತಡವಾಗುತ್ತಿದ್ದಿತು. ಆಮೇಲೆ ‘ಎಕ್ಸಿಟೆಡ್ 137’ ಎಂದು ಬೀಳುತ್ತಿದ್ದಿತು. ಯಂತ್ರ ಹಳೆಯದೆಂದು ಸುಮ್ಮನಿದ್ದೆ. ನಿಜಸಂಗತಿ ಹೀಗಿದೆ. ‘ಸ್ಟಾಪ್’ ಎಂದಾಗ ಡಾಕರ್ ಮೊದಲ ಪ್ರೋಸೆಸ್ಸಿಗೆ ‘ಸಿಗ್ ಟರ್ಮ್’ ಎಂಬ ಸೂಚನೆಯನ್ನು ಕಳಿಸುತ್ತದೆ: ಕೆಲಸ ಮುಗಿಸಿಕೊಂಡು ಹೊರಡು ಎಂಬ ಮರ್ಯಾದೆಯ ಮಾತು. ಬೇರೆ ಪ್ರೋಸೆಸ್ಸುಗಳು ಈ ಮಾತಿಗೆ ತಾವಾಗಿಯೇ ಮಣಿಯುತ್ತವೆ. ಒಂದನೆಯ ಸಂಖ್ಯೆಯದಕ್ಕೆ ಕರ್ನಲ್ ಒಂದು ವಿಶೇಷ ರಕ್ಷೆಯನ್ನು ಕೊಟ್ಟಿದೆ: ಆ ಸೂಚನೆಯನ್ನು ಕೇಳಲು ಅದು ತಾನೇ ಏರ್ಪಾಡು ಮಾಡಿಕೊಂಡಿರದಿದ್ದರೆ ಸೂಚನೆ ಅದಕ್ಕೆ ತಟ್ಟುವುದೇ ಇಲ್ಲ. ನಿದ್ರಿಸುವ ಪ್ರೋಸೆಸ್ಸಿಗೆ ಅಂಥ ಏರ್ಪಾಡು ಎಲ್ಲಿಯದು? ಹತ್ತು ಸೆಕೆಂಡು ಕಾದು ಡಾಕರ್ ‘ಸಿಗ್ ಕಿಲ್’ ಎಂಬ ಕೊನೆಯ ಅಸ್ತ್ರವನ್ನು ಬಿಡುತ್ತದೆ. ಅದರ ಸಂಖ್ಯೆ 9. ಸೂಚನೆಯಿಂದ ಸತ್ತುದಕ್ಕೆ 128ನ್ನು ಕೂಡಿಸಿ ಹೇಳುವುದು ರೂಢಿ. 128ಕ್ಕೆ 9 ಸೇರಿದರೆ 137. ಎಂದರೆ ಪ್ರತಿಸಲವೂ ನಾನು ಒಳಗಿನ ಡೇಟಾಬೇಸಿಗೆ ಒಂದು ಮಾತನ್ನೂ ಹೇಳದೆ, ಬರೆಯುತ್ತಿದ್ದ ಲೇಖನಿಯನ್ನು ಕೈಯಿಂದ ಕಿತ್ತುಕೊಂಡಂತೆ ಅದನ್ನು ಕೊಲ್ಲುತ್ತಿದ್ದೆ. ಕೆಡದೆ ಉಳಿದುಕೊಂಡಿದ್ದುದೇ ಭಾಗ್ಯ.

ಹಾಗಾದರೆ ಸರಿಯಾದ ಮಾರ್ಗವೇನು? ನಾನು ಕಲಿತಷ್ಟನ್ನು ಅನುಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ನಿಜವಾಗಿ ದುಡಿಯುವವನನ್ನೇ ಒಲೆಯ ಮುಂದೆ ಕೂರಿಸಬೇಕು. ಯಾವ ಕೆಲಸಕ್ಕಾಗಿ ಕಂಟೇನರು ಬೇಕೋ ಆ ಕೆಲಸವೇ ಮೊದಲ ಆಜ್ಞೆಯಾಗಿರಬೇಕು. ಹಳೆಯ ಪದ್ಧತಿಯ ಸರ್ವರುಗಳು ತಮ್ಮ ನಕಲೊಂದನ್ನು ಹಿನ್ನೆಲೆಗೆ ಕಳಿಸಿ ತಾವು ಹೊರಟುಹೋಗುವ ಸ್ವಭಾವದವು. ಕಂಟೇನರಿನಲ್ಲಿ ಹಾಗೆ ಹೊರಟರೆ ಎಲ್ಲವೂ ಮುಗಿಯಿತು. ಆದುದರಿಂದ ಅವನ್ನು ಮುನ್ನೆಲೆಯಲ್ಲೇ ನಡೆಸಬೇಕು. ಎಂಜಿನ್‌ಎಕ್ಸ್ ಎಂಬ ಜಾಲದ ಸರ್ವರಿಗೆ ‘ಡೀಮನ್ ಆಫ್’ ಎಂದು ಹೇಳುವುದು ಇದಕ್ಕಾಗಿಯೇ. ಮೈ ಎಸ್‌ಕ್ಯೂಎಲ್‌ಗೆಂದೇ ಸಿದ್ಧಪಡಿಸಿದ ಇಮೇಜಿದೆ. ಅದರಲ್ಲಿ ಡೇಟಾಬೇಸೇ ಒಂದನೆಯ ಪ್ರೋಸೆಸ್ಸು. ಅದು ಸತ್ತರೆ ಕಂಟೇನರೂ ನಿಲ್ಲುತ್ತದೆ; ನಿಂತುದು ನಮಗೆ ಕಾಣುತ್ತದೆ; ರೀಸ್ಟಾರ್ಟಿನ ಕಟ್ಟಳೆ ಅದನ್ನು ಮತ್ತೆ ಎಬ್ಬಿಸುತ್ತದೆ. ಸಾಯಬೇಕಾದಾಗ ಸಾಯುವ ಕಂಟೇನರೇ ನಂಬಿಕೆಗೆ ಯೋಗ್ಯವೆಂಬ ಮಾತು ವಿಚಿತ್ರವಾಗಿ ತೋರಿದರೂ ಸತ್ಯ.

ಎರಡನೆಯದು, ಮೊದಲ ಪ್ರೋಸೆಸ್ಸಿಗೆ ಸೂಚನೆ ತಲಪುವಂತಿರಬೇಕು. ಇಮೇಜಿನ ಸೂತ್ರಗಳನ್ನು ಬರೆಯುವ ಡಾಕರ್‌ಫೈಲ್‌ನಲ್ಲಿ ಆಜ್ಞೆಯನ್ನು ಸಾದಾ ವಾಕ್ಯದಂತೆ ಬರೆದರೆ, ನಡುವೆ ಒಂದು ಷೆಲ್ ಬಂದು ಕೂರುತ್ತದೆ. ಹೊರಡೆಂಬ ಮಾತು ಅದರಲ್ಲೇ ಉಳಿದು, ದುಡಿಯುವವನಿಗೆ ಮುಟ್ಟದೆ ಹೋಗಬಹುದು. ಆಜ್ಞೆಯ ಒಂದೊಂದು ಶಬ್ದವನ್ನೂ ಉದ್ಧರಣ ಚಿಹ್ನೆಯಲ್ಲಿಟ್ಟು ಚೌಕ ಕಂಸದೊಳಗೆ ಬರೆದರೆ ಈ ಮಧ್ಯವರ್ತಿ ಇರುವುದಿಲ್ಲ. ಹತ್ತು ಸೆಕೆಂಡು ಸಾಲದ ಕೆಲಸವಾದರೆ ‘ಸ್ಟಾಪ್’ ಜೊತೆಗೆ ‘ಹೈಫನ್ ಟಿ’ ಎಂದು ಸೇರಿಸಿ ಹೆಚ್ಚು ಅವಧಿಯನ್ನೂ ಕೊಡಬಹುದು.

ಮೂರನೆಯದು, ಅನಾಥರ ಚಿಂತೆ. ತಾಯಿ ಪ್ರೋಸೆಸ್ಸು ಸತ್ತು ಮಗು ಉಳಿದರೆ, ಆ ಮಗುವನ್ನು ಒಂದನೆಯ ಪ್ರೋಸೆಸ್ಸಿನ ಮಡಿಲಿಗೆ ಹಾಕುವುದು ಕರ್ನಲ್ಲಿನ ಕ್ರಮ. ಆ ಮಗು ಅಳಿದಾಗ ಲೆಕ್ಕ ಮುಗಿಸುವುದು ಒಂದನೆಯದರ ಹೊಣೆ. ಹೊಣೆ ಅರಿಯದ ಪ್ರೋಗ್ರಾಂ ಆ ಸ್ಥಾನದಲ್ಲಿದ್ದರೆ, ಸತ್ತವರ ಹೆಸರುಗಳು ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತವೆ. ಇವಕ್ಕೆ ‘ಜಾಂಬಿ’ ಎನ್ನುತ್ತಾರೆ. ಹಲವು ಮಕ್ಕಳನ್ನು ಹುಟ್ಟಿಸುವ ಕೆಲಸವಾದರೆ ‘ರನ್’ ಮುಂದೆ ‘ಹೈಫನ್ ಹೈಫನ್ ಇನಿಟ್’ ಎಂದು ಸೇರಿಸಬೇಕು. ಆಗ ಒಂದನೆಯ ಸ್ಥಾನದಲ್ಲಿ ಪುಟ್ಟದೊಂದು ಪ್ರೋಗ್ರಾಂ ಕುಳಿತು, ಸೂಚನೆಗಳನ್ನು ದಾಟಿಸುವ, ಅನಾಥರ ಲೆಕ್ಕ ಮುಗಿಸುವ ಕೆಲಸಗಳನ್ನು ಮಾಡುತ್ತದೆ; ನಮ್ಮ ನಿಜವಾದ ಕೆಲಸ ಮುಗಿದೊಡನೆ ತಾನೂ ಏಳುತ್ತದೆ. ನಿದ್ರಿಸುವವನಿಗೂ ಈ ಕಾವಲುಗಾರನಿಗೂ ಇರುವ ವ್ಯತ್ಯಾಸ ಇದೇ.

ನಾಲ್ಕನೆಯದು, ಮತ್ತೆ ಎಬ್ಬಿಸುವ ಕಟ್ಟಳೆ. ಇದರಲ್ಲಿ ನಾಲ್ಕು ಬಗೆ: ಎಂದಿಗೂ ಎಬ್ಬಿಸಬೇಡ, ತಪ್ಪಾಗಿ ನಿಂತರೆ ಎಬ್ಬಿಸು, ಯಾವಾಗಲೂ ಎಬ್ಬಿಸು, ನಾನೇ ನಿಲ್ಲಿಸಿದ್ದ ಹೊರತು ಎಬ್ಬಿಸು. ಪದೇ ಪದೇ ಬೀಳುವ ಕಂಟೇನರನ್ನು ಡಾಕರ್ ಎಡೆಬಿಡದೆ ಎಬ್ಬಿಸುವುದಿಲ್ಲ. ಮೊದಲು ಸೆಕೆಂಡಿನ ಹತ್ತನೆಯ ಒಂದು ಭಾಗ ಕಾಯುತ್ತದೆ. ಪ್ರತಿಸಲವೂ ಕಾಯುವ ಹೊತ್ತನ್ನು ಇಮ್ಮಡಿಸುತ್ತ ಒಂದು ನಿಮಿಷದವರೆಗೆ ಹೋಗುತ್ತದೆ. ಬೀಳುವುದಕ್ಕೆ ಕಾರಣವನ್ನು ‘ಡಾಕರ್ ಲಾಗ್ಸ್’ ಎಂದು ಕೇಳಿ ತಿಳಿಯಬೇಕೇ ಹೊರತು, ಎಬ್ಬಿಸುವುದೇ ಚಿಕಿತ್ಸೆಯಲ್ಲ.

ಐದನೆಯದು, ಉಸಿರಿಗೂ ಆರೋಗ್ಯಕ್ಕೂ ಭೇದವಿದೆ. ಒಂದನೆಯ ಪ್ರೋಸೆಸ್ಸು ಬದುಕಿದ್ದೂ ಕೆಲಸ ಕೆಟ್ಟಿರಬಹುದು. ಇದನ್ನು ಅರಿಯಲು 2016ರಿಂದ ಡಾಕರಿನಲ್ಲಿ ‘ಹೆಲ್ತ್‌ಚೆಕ್’ ಎಂಬ ಏರ್ಪಾಡಿದೆ. ಇಷ್ಟು ಹೊತ್ತಿಗೊಮ್ಮೆ ಒಂದು ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಅಸ್ವಸ್ಥವೆಂದು ಗುರುತು ಹಾಕುತ್ತದೆ. ಡಾಕರ್ ಒಂದೇ ಇದ್ದರೆ ಗುರುತು ಹಾಕಿ ಸುಮ್ಮನಾಗುತ್ತದೆ. ಸಾವಿರಾರು ಕಂಟೇನರುಗಳನ್ನು ನೋಡಿಕೊಳ್ಳಲೆಂದು ಗೂಗಲ್ ಸಂಸ್ಥೆಯವರು 2014ರಲ್ಲಿ ಹೊರತಂದ ಕುಬರ್ನೆಟೀಸ್ ಇಂಥದೇ ಪರೀಕ್ಷೆಯಲ್ಲಿ ಸೋತ ಕಂಟೇನರನ್ನು ಕೊಂದು ಮತ್ತೆ ಹೊರಡಿಸುತ್ತದೆ.

ಕೊನೆಯದು, ಬೆಲ್ಲವನ್ನು ಆಲೆಮನೆಯಲ್ಲೇ ಬಿಟ್ಟು ಬರಬಾರದು. ಉಳಿಯಬೇಕಾದುದನ್ನು ಕಂಟೇನರಿನ ಹೊರಗೆ, ‘ವಾಲ್ಯೂಮ್’ ಎಂಬ ಪ್ರತ್ಯೇಕ ಉಗ್ರಾಣದಲ್ಲಿ ಇಡಬೇಕು. ಆಗ ಕಂಟೇನರನ್ನು ತೆಗೆದುಹಾಕಿ ಹೊಸದನ್ನು ಮಾಡಿದರೂ ಉಗ್ರಾಣ ಹಾಗೆಯೇ ಇರುತ್ತದೆ. ಅಷ್ಟಕ್ಕೇ ನಿಶ್ಚಿಂತರಾಗುವಂತೆಯೂ ಇಲ್ಲ. ಯಂತ್ರವೇ ಕೆಟ್ಟರೆ ಉಗ್ರಾಣವೂ ಹೋಗುತ್ತದೆ. ‘ಎಕ್ಸೆಕ್’ ಬಾಗಿಲು ನಿಜವಾಗಿ ಒದಗುವುದು ಇಲ್ಲಿಯೇ. ನಡೆಯುತ್ತಿರುವ ಕಂಟೇನರಿನೊಳಗೆ ನಕಲು ತೆಗೆಯುವ ಆಜ್ಞೆಯನ್ನು ಕೊಟ್ಟು, ಬಂದ ನಕಲನ್ನು ಹೊರಗಿನ ಕಡತಕ್ಕೆ ಸುರಿದು, ಶನಿವಾರ ಶನಿವಾರ ಪೆನ್‌ಡ್ರೈವಿನಲ್ಲಿ ಊರಿಗೆ ಒಯ್ಯುತ್ತೇನೆ. ಒಂದು ನೋಟ್‌ಪುಸ್ತಕದಲ್ಲಿ ಕೈಯಿಂದಲೂ ಬರೆದಿಡುತ್ತೇನೆ. ಅದಕ್ಕೆ ಕರೆಂಟು ಬೇಕಿಲ್ಲ.

‘ಸ್ಲೀಪ್ ಇನ್‌ಫಿನಿಟಿ’ ಅಪರಾಧವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಒಳಗೆ ಹೊಕ್ಕು ಪ್ರಯೋಗ ಮಾಡಿ ನೋಡಲು, ದೋಷವನ್ನು ಹುಡುಕಲು, ಅರ್ಧ ದಿನ ಕಂಟೇನರನ್ನು ತೆರೆದಿಡಲು ಅದು ಒಳ್ಳೆಯ ಉಪಾಯ. ಕಲಿಯುವವರು ಅದನ್ನೇ ಬಳಸಿ ಕಲಿಯಬಹುದು. ಬೆಲೆಯುಳ್ಳದ್ದೇನನ್ನೂ ಅದರ ಕಾವಲಿಗೆ ಒಪ್ಪಿಸಬಾರದು, ಅಷ್ಟೇ.

ಇನ್ನು ಅಜ್ಜಿಯ ವಿಷಯ. ಪದಗಳು ಹೋದುದನ್ನು ಆಕೆಗೆ ಹೇಳಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ. ಹೇಳಿದಾಗ ಆಕೆ, ‘ಹೋದ್ರೆ ಹೋಗ್ಲಿ ಬುಡು ಮಗ, ನಾನಿನ್ನೂ ಇದ್ದೀನಲ್ಲ’ ಎಂದು ಮರುದಿನ ಬೆಳಿಗ್ಗೆಯೇ ಮತ್ತೆ ಹೇಳತೊಡಗಿದಳು. ಆದರೆ ಒಂದು ವರ್ಷದಲ್ಲಿ ಆಕೆಯ ನೆನಪು ಬಹಳ ಸವೆದಿದೆ. ಕೆಲವು ಪದಗಳ ಮೊದಲು ಸಿಕ್ಕಿ ಕೊನೆ ಸಿಕ್ಕಲಿಲ್ಲ. ಕೆಲವಕ್ಕೆ ರಾಗ ಮಾತ್ರ ಉಳಿದಿದೆ, ಮಾತಿಲ್ಲ. 41ರಲ್ಲಿ 33 ಹಿಂದಿರುಗಿ ಬಂದಿವೆ. ಉಳಿದ ಎಂಟನ್ನು ಆಕೆ ತನ್ನ ಅವ್ವನಿಂದ ಕಲಿತಿದ್ದಳಂತೆ; ಅವುಗಳನ್ನು ಬಲ್ಲವರು ಈಗ ನಮ್ಮೂರಿನಲ್ಲಿ ಬೇರೆ ಯಾರೂ ಇಲ್ಲ.

ಆ 33 ಪದಗಳು ಈಗ ಕಾಲೇಜಿನ ಅದೇ ಯಂತ್ರದಲ್ಲಿ, ಡೇಟಾಬೇಸೇ ಒಂದನೆಯ ಪ್ರೋಸೆಸ್ಸಾಗಿರುವ ಕಂಟೇನರಿನಲ್ಲಿ ನಡೆಯುತ್ತಿವೆ. ಅವುಗಳ ಉಗ್ರಾಣ ಹೊರಗಿದೆ. ಈ ಲೇಖನ ಬರೆಯುವ ಹೊತ್ತಿಗೆ ಮೂರು ಸಲ ಕರೆಂಟು ಹೋಗಿ ಬಂದಿದೆ. ಮೂರು ಸಲವೂ ಕಂಟೇನರು ತಾನಾಗಿ ಎದ್ದು ಉತ್ತರ ಕೊಟ್ಟಿದೆ. ಆದರೂ ಈಗ ನಾನು ‘ಅಪ್’ ಎಂಬ ಮಾತನ್ನು ಓದಿ ಸುಮ್ಮನಾಗುವುದಿಲ್ಲ; ಒಂದು ಪದವನ್ನಾದರೂ ತೆರೆದು ನೋಡುತ್ತೇನೆ.

ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ತಮ್ಮ ಮನೆಯ ಹಿರಿಯರಿಂದ ಕಥೆಯನ್ನೋ ಪದವನ್ನೋ ಗಾದೆಯನ್ನೋ ಕೇಳಿ ಬರೆದಿಡಬೇಕೆನ್ನುವ ತಮ್ಮ ತಂಗಿಯರು ಕನ್ನಡ ವಿಭಾಗದಲ್ಲಿ ವಿಚಾರಿಸಿದರೆ, ಕಂಟೇನರನ್ನು ಹೊರಡಿಸುವ ಆಜ್ಞೆಗಳನ್ನು ಬರೆದಿಟ್ಟ ಹಾಳೆ ಅಲ್ಲಿಯೇ ಸಿಗುತ್ತದೆ. ಹಾಳೆಯ ತಲೆಯ ಮೇಲೆ ನಮ್ಮ ತಂದೆಯವರ ಪ್ರಶ್ನೆಯನ್ನು ಬರೆದಿದ್ದೇನೆ. ಆಜ್ಞೆಗಳನ್ನು ಕೊಡುವ ಮೊದಲು ಅದನ್ನೊಮ್ಮೆ ಓದಿಕೊಳ್ಳಬೇಕೆಂದು ನನ್ನ ವಿನಂತಿ.